ಅನುಮಾನಪ್ಪನ ಬ್ರೇಕು

ನನ್ನ ತಮ್ಮ ಬಸ್ ಡಿಪೋದಲ್ಲಿ ಬ್ರೇಕ್ ತಪಾಸಣೆ ಮಾಡುತ್ತಿದ್ದವನು. ಬೆಳಿಗ್ಗೆ ಬಸ್ಸುಗಳು ಹೊರಡುವ ಮೊದಲು ಒಂದೊಂದರ ಕೆಳಗೂ ನುಸುಳಿ, ಚಕ್ರದ ಹಿಂದಿನ ಕಡ್ಡಿಗಳನ್ನು ಹಿಡಿದು ಜಗ್ಗಿ, ಎಲ್ಲಾದರೂ ಸಡಿಲ ಇದೆಯೇ ಎಂದು ನೋಡುವುದು ಅವನ ಕೆಲಸ. ಸಡಿಲ ಕಂಡರೆ ಆ ಬಸ್ಸು ಹೊರಡುವಂತಿಲ್ಲ. ಡ್ರೈವರ್ ಬಂದು ಕೈಮುಗಿದರೂ ಇಲ್ಲ, ಮ್ಯಾನೇಜರ್ ಬಂದು ಕೂಗಾಡಿದರೂ ಇಲ್ಲ. "ಇವನಿಗೆ ತನ್ನ ನೆರಳಿನ ಮೇಲೂ ನಂಬಿಕೆ ಇಲ್ಲ ಕಣ್ರೋ" ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಅನುಮಾನಪ್ಪ ಎಂಬ ಹೆಸರು ಅಲ್ಲೇ ಅಂಟಿಕೊಂಡಿತು. ಅವನಿಗೇನೂ ಬೇಜಾರಿಲ್ಲ. "ನಾನು ಅನುಮಾನ ಪಟ್ಟಿದ್ದಕ್ಕೇ ಅವರೆಲ್ಲ ಸಾಯಂಕಾಲ ಮನೆಗೆ ಹೋಗಿ ಊಟ ಮಾಡ್ತಿದ್ದಾರೆ" ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ.

ಮನೆಯಲ್ಲೂ ಅದೇ ಬುದ್ಧಿ. ಬೀಗ ಹಾಕಿ ಜಗ್ಗುತ್ತಾನೆ, ಬೀದಿಯ ತುದಿಯವರೆಗೆ ಹೋದವನು ವಾಪಸ್ ಬಂದು ಇನ್ನೊಮ್ಮೆ ಜಗ್ಗುತ್ತಾನೆ. ಹಾಲು ಕೊಟ್ಟರೆ ಮೂಸುತ್ತಾನೆ. ಅಂಗಡಿಯವನು ನಕ್ಕರೆ ತೂಕದಲ್ಲಿ ಏನೋ ಮಾಡಿದ್ದಾನೆ ಎನ್ನುತ್ತಾನೆ, ನಗದಿದ್ದರೂ ಅದನ್ನೇ ಎನ್ನುತ್ತಾನೆ. ಅವನ ಹೆಂಡತಿ ತೀರಿಕೊಂಡ ಮೇಲೆ ನಾನು ಈ ಮನೆಗೆ ಬಂದೆ. ಬ್ಯಾಗು ಕೆಳಗಿಡುವ ಮೊದಲೇ ಕೇಳಿದ: "ಅಕ್ಕಾ, ನಿಜವಾಗ್ಲೂ ನನ್ನ ನೋಡ್ಕೊಳ್ಳೋಕೆ ಬಂದ್ಯಾ, ಇಲ್ಲಾ ಮಗನ ಜೊತೆ ಜಗಳ ಆಡ್ಕೊಂಡು ಬಂದ್ಯಾ?"

"ಎರಡೂ" ಎಂದೆ. ಅವತ್ತು ಮಾತ್ರ ನಂಬಿದ.

ಮನೆ ಇಳಿಜಾರು ಓಣಿಯಲ್ಲಿದೆ. ಮೇಲೆ ನಾವೆಲ್ಲ ಇರುವುದು, ಕೆಳಗೆ ಶೆಡ್ಡು. ತಮ್ಮನ ಅಳಿಯ ಮೆಕ್ಯಾನಿಕ್. ಮಾತು ಕಡಿಮೆ, ಕೈ ಚುರುಕು. ತಮ್ಮನ ಮಗಳು, ಅಂದರೆ ಅವನ ಹೆಂಡತಿ, ಕಾರಿನ ಸೀಟಿನ ಕವರ್ ಹೊಲಿಯುತ್ತಾಳೆ, ಶೆಡ್ಡಿನ ಮೂಲೆಯಲ್ಲಿ ಅವಳ ದೊಡ್ಡ ಹೊಲಿಗೆ ಮೆಷಿನ್ ಇದೆ. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ತರಕಾರಿ ಬಿಡಿಸುತ್ತೇನೆ. ಹಾಗಾಗಿ ಕೆಳಗೆ ಆಡಿದ ಮಾತು ಯಾವುದೂ ನನ್ನ ಕಿವಿ ತಪ್ಪಿಸಿಕೊಂಡು ಹೋಗುವುದಿಲ್ಲ.

ನಿವೃತ್ತನಾದ ಮೇಲೆ ತಮ್ಮ ಸುಮ್ಮನೆ ಕೂರಲಿಲ್ಲ. ಇಬ್ಬರಷ್ಟೇ ಕೂರಬಹುದಾದ, ನೆಲಕ್ಕೆ ಮೂಗು ತಾಗಿಸಿಕೊಂಡಂತಿರುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದ. ಅಪಘಾತದಲ್ಲಿ ನಜ್ಜುಗುಜ್ಜಾದ ದೊಡ್ಡ ಕಾರಿನ ಎಂಜಿನ್ನನ್ನು ಮಾವ ಅಳಿಯ ಸೇರಿ ಅದರ ಹೊಟ್ಟೆಗೆ ತುರುಕಿದರು. ಸಣ್ಣ ಗೂಡಿನಲ್ಲಿ ದೊಡ್ಡ ಒಲೆ ಹಚ್ಚಿದ ಹಾಗೆ. ಅಲ್ಲಿಂದಲೇ ಬಿಸಿಯ ಕಾಟ ಶುರುವಾಯಿತು. ಅಳಿಯ ಹಳೆಯ ರೇಡಿಯೇಟರ್ ಕಿತ್ತು ದಪ್ಪನೆಯದನ್ನು ಕೂರಿಸಿದ, ಇನ್ನೊಂದು ಫ್ಯಾನ್ ಹಾಕಿದ, ಬಿಸಿಗಾಳಿ ಹೊರಗೆ ಹೋಗಲು ಬಾನೆಟ್ಟಿನಲ್ಲಿ ಮೀನಿನ ಕಿವಿರಿನಂತೆ ಸೀಳು ಬಿಟ್ಟ. ಹೊಗೆ ಕೊಳವೆಗೆ ಶಾಖ ತಡೆಯುವ ಪಟ್ಟಿಯನ್ನು ಮಗಳು ಸುತ್ತಿದಳು, ಮುರಿದ ಕೈಗೆ ಬ್ಯಾಂಡೇಜು ಕಟ್ಟಿದಂತೆ. ಅಷ್ಟು ಜೋರಾಗಿ ಓಡುವುದನ್ನು ನಿಲ್ಲಿಸಬೇಕಲ್ಲ, ಅದಕ್ಕೆ ಚಕ್ರದ ಜೊತೆ ತಿರುಗುವ ಅಗಲದ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಹೊಸ ಬ್ರೇಕ್ ಪ್ಯಾಡ್.

ಬ್ರೇಕ್ ಪೆಡಲಿನ ಕೆಲಸವನ್ನು ಮಾತ್ರ ತಮ್ಮ ಯಾರಿಗೂ ಬಿಡಲಿಲ್ಲ. ತಾನೇ ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿ, ಪೆಡಲಿನಿಂದ ಬ್ರೇಕ್ ಆಯಿಲಿನ ಸಿಲಿಂಡರಿಗೆ ಹೋಗುವ ಕಡ್ಡಿಯನ್ನು ಬಿಗಿದ. "ಕಾಲಿಟ್ಟ ತಕ್ಷಣ ಹಿಡೀಬೇಕು. ಕೂದಲೆಳೆ ಸಡಿಲ ಇದ್ರೂ ನನಗಾಗಲ್ಲ" ಎಂದ.

ವಾರಕ್ಕೊಂದೆರಡು ಸಲ ಬೆಳಿಗ್ಗೆ ಒಬ್ಬನೇ ಗುಡ್ಡದ ರಸ್ತೆಗೆ ಹೋಗಿ ಬರುತ್ತಿದ್ದ. ಬಂದಾಗಲೆಲ್ಲ ಎಂಜಿನ್ ಬಿಸಿಯ ಮುಳ್ಳು ಕೆಂಪು ಗೆರೆಯ ಪಕ್ಕದಲ್ಲಿ. ಚಕ್ರಗಳಿಂದ ಸುಟ್ಟ ವಾಸನೆ. ಹೊಸ ಪ್ಯಾಡು ನೋಡನೋಡುತ್ತಿದ್ದಂತೆ ಸವೆದು ಬಿಸ್ಕತ್ತಿನಷ್ಟು ತೆಳ್ಳಗಾಗುತ್ತಿತ್ತು. ಪೆಡಲ್ ಮಾತ್ರ ಬಿಸಿಯಾದಷ್ಟೂ ಗಟ್ಟಿಯಾಗುತ್ತಿತ್ತು, ಅದೊಂದೇ ಅವನಿಗೆ ಸಮಾಧಾನ. "ಕಲ್ಲು! ಕಲ್ಲಿನ ಹಾಗಿದೆ ನನ್ನ ಪೆಡಲ್" ಎಂದು ಎಲ್ಲರಿಗೂ ಹೇಳುತ್ತಿದ್ದ. ಮರುದಿನ ಬೆಳಿಗ್ಗೆ ಗಾಡಿಯನ್ನು ಜಾಕ್ ಮೇಲೆ ಎತ್ತಿ ಚಕ್ರ ತಿರುಗಿಸಿ ನೋಡಿದರೆ ಸಲೀಸಾಗಿ ತಿರುಗುತ್ತಿತ್ತು. ಗಾಡಿಯಲ್ಲಿ ತಪ್ಪಿಲ್ಲ ಎಂದ ಮೇಲೆ ತಪ್ಪು ಮನುಷ್ಯರಲ್ಲೇ ಇರಬೇಕಲ್ಲ.

ಮೊದಲು ಸಿಕ್ಕಿಬಿದ್ದವನು ಬಿಡಿಭಾಗದ ಅಂಗಡಿಯವನು. ಸವೆದ ಪ್ಯಾಡನ್ನು ಅವನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿ, "ಇದು ಪ್ಯಾಡಾ, ಚಾಕ್‌ಪೀಸಾ?" ಎಂದು ಕೇಳಿದನಂತೆ. "ನೀವು ಓಡಿಸೋದು ಕಾರಾ, ವಿಮಾನಾನಾ?" ಎಂದು ಅವನು ತಿರುಗಿಸಿ ಕೊಟ್ಟನಂತೆ. ಆಮೇಲೆ ರೇಡಿಯೇಟರಿಗೆ ಹಾಕುವ ಕೂಲೆಂಟಿನ ಮೇಲೆ ಅನುಮಾನ, ಬಣ್ಣದ ನೀರು ಕೊಟ್ಟಿದ್ದಾರೆ ಎಂದು. ಅದನ್ನೂ ಬೇರೆ ಕಡೆಯಿಂದ ತರಿಸಿದ್ದಾಯಿತು, ಮುಳ್ಳು ಇಳಿಯಲಿಲ್ಲ. ಕೊನೆಗೆ ಅವನ ಕಣ್ಣು ಅಳಿಯನ ಮೇಲೆ ಬಿತ್ತು.

"ಅಕ್ಕಾ, ನಾನಿಲ್ಲದಾಗ ಗಾಡಿ ಸದ್ದು ಕೇಳ್ತಾ?" ಎಂದು ಮೆಟ್ಟಿಲ ಹತ್ತಿರ ಬಂದು ಪಿಸುಗುಟ್ಟಿದ.

"ನಿನ್ನ ಸದ್ದು ಬಿಟ್ರೆ ಈ ಮನೇಲಿ ಬೇರೆ ಸದ್ದು ಎಲ್ಲಿ ಕೇಳುತ್ತೆ?"

"ತಮಾಷೆ ಅಲ್ಲ. ಅವನು ಕದ್ದು ಓಡಿಸ್ತಿದ್ದಾನೆ. ಇಲ್ಲಾಂದ್ರೆ ಪ್ಯಾಡು ತಾನಾಗೇ ಸವೆಯುತ್ತಾ?"

ಅಂದಿನಿಂದ ಟೈರಿಗೂ ನೆಲಕ್ಕೂ ಸೇರಿಸಿ ಸುಣ್ಣದ ಗೆರೆ ಎಳೆಯತೊಡಗಿದ. ಗಾಡಿಯ ಬಾಗಿಲಿಗೆ ಅಡ್ಡಲಾಗಿ ಮಗಳ ಕಪ್ಪು ದಾರ ಕಟ್ಟುತ್ತಿದ್ದ. "ಅಪ್ಪಾ, ನನ್ನ ದಾರದ ಉಂಡೆಗೆ ಇಲಿ ಬಿದ್ದಿದೆಯಾ?" ಎಂದು ಅವಳು ಕೇಳಿದರೆ ಇವನು ಮುಖ ತಿರುಗಿಸಿಕೊಂಡು ಕೆಮ್ಮುತ್ತಿದ್ದ. ಗೆರೆ ಅಳಿಸಲಿಲ್ಲ, ದಾರವೂ ಹರಿಯಲಿಲ್ಲ.

"ಹಾಗಾದ್ರೆ ಅವನು ಮುಟ್ಟಿಲ್ಲ ಅಂತಾಯ್ತಲ್ಲ" ಎಂದೆ.

"ಎಲ್ಲಿ ಆಯ್ತು? ಅಳಿಸಿ ಮತ್ತೆ ಎಳೆದಿದ್ದಾನೆ. ನೀನೇ ಹೇಳ್ಕೊಟ್ಟಿರ್ತೀಯ."

ಅನುಮಾನ ಅಂಟು ರೋಗದಂಥದು, ನನಗೂ ತಗುಲಿತು. ಗೆರೆ, ದಾರ ಎರಡರ ಮೇಲೂ ನಂಬಿಕೆ ಹೋಗಿ ಅವನ್ನು ಕೈಬಿಟ್ಟಿದ್ದ ತಮ್ಮ ಒಂದು ದಿನ ಪೇಟೆಗೆ ಹೋಗಿದ್ದ. ನಾನು ಚಹಾ ತೆಗೆದುಕೊಂಡು ಶೆಡ್ಡಿಗೆ ಇಳಿದರೆ ಕಾರಿನ ಬಾಗಿಲಿಂದ ಅಳಿಯನ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು, ತಲೆ ಪೆಡಲಿನ ಹತ್ತಿರ. ನನ್ನ ಚಪ್ಪಲಿ ಸದ್ದು ಕೇಳಿದ್ದೇ ತಡ ಧಡಕ್ಕನೆ ಎದ್ದು ಸ್ಪ್ಯಾನರನ್ನು ಜೇಬಿಗಿಳಿಸಿದ.

"ಏನಪ್ಪಾ ಮಾಡ್ತಿದ್ದೆ?"

"ಏನಿಲ್ಲ ಅತ್ತೆ. ಕಾಲಡಿ ಮ್ಯಾಟ್ ಸರಿ ಮಾಡ್ತಿದ್ದೆ."

ಮ್ಯಾಟ್ ಸರಿ ಮಾಡಲು ಸ್ಪ್ಯಾನರ್ ಯಾಕೆ ಬೇಕು? ಚಹಾ ಕೊಟ್ಟು ಮೇಲೆ ಬಂದೆ. ಸಂಜೆವರೆಗೂ ಮನಸ್ಸಿಗೆ ನೆಮ್ಮದಿ ಇಲ್ಲ. ಮೃದು ಮಾತಿನ ಹುಡುಗ, ಮನೆಮಗನಂತೆ ಇದ್ದಾನೆ ಎಂದುಕೊಂಡಿದ್ದೆ. ಮಧ್ಯಾಹ್ನ ಅವನು ನನ್ನ ಕಣ್ಣು ತಪ್ಪಿಸಿ ಉಂಡ ರೀತಿ ಇನ್ನೂ ಚುಚ್ಚುತ್ತಿತ್ತು.

ಆ ವಾರ ತಮ್ಮ ಗುಡ್ಡ ಹತ್ತಿ ಇಳಿದು ಬಂದಾಗ ಮುಳ್ಳು ನಡುಮಧ್ಯದಲ್ಲಿತ್ತು. ಸುಟ್ಟ ವಾಸನೆಯಿಲ್ಲ. ಬೇರೆಯವರಾಗಿದ್ದರೆ ಕುಣಿಯುತ್ತಿದ್ದರು. ಇವನು ಮುಖ ಗಂಟು ಹಾಕಿಕೊಂಡು ಗಾಡಿಯ ಸುತ್ತ ಸುತ್ತಿದ. "ಯಾಕೆ ಸರಿಯಾಯ್ತು?" ಎಂದ. "ಕೆಟ್ಟಿದ್ದು ತಾನಾಗಿ ಸರಿಹೋಗಲ್ಲ ಅಕ್ಕಾ. ಯಾರೋ ಏನೋ ಮಾಡಿದ್ದಾರೆ." ಹುಡುಕಿದ. ಬಾನೆಟ್ ಎತ್ತಿದ, ಚಕ್ರ ಬಿಚ್ಚಿದ, ಕೊನೆಗೆ ಸೀಟಿನಲ್ಲಿ ಕೂತು ಪೆಡಲನ್ನು ಕೈಯಿಂದ ಒತ್ತಿ ನೋಡಿದ. ಪೆಡಲ್ ಒಂದು ಚೂರು ಆಡಿತು, ಆಮೇಲೆ ಹಿಡಿಯಿತು.

"ನನ್ನ ಬ್ರೇಕಿನ ಕಡ್ಡಿ ಸಡಿಲ ಮಾಡಿದ್ದು ಯಾರು?"

ಹೊಲಿಗೆ ಮೆಷಿನ್ ನಿಂತಿತು. ಅಳಿಯ ಕೈ ಒರೆಸಿಕೊಂಡು ಮುಂದೆ ಬಂದ. "ನಾನು ಮಾವ."

"ಯಾಕೆ? ನನ್ನನ್ನ ಗುಡ್ಡದಿಂದ ಕೆಳಗೆ ಬೀಳ್ಸೋಕಾ?"

"ಅಪ್ಪಾ!" ಎಂದಳು ಮಗಳು.

"ನೀನು ಸುಮ್ನಿರು. ಜೀವಮಾನ ಪೂರ್ತಿ ಸಡಿಲ ಹುಡುಕಿದವನ ಗಾಡಿಗೇ ಸಡಿಲ ಬಿಟ್ಟಿದ್ದಾನೆ ನೋಡು ನಿನ್ನ ಗಂಡ, ಅದೂ ಹೇಳದೆ ಕೇಳದೆ!"

"ಹೇಳಿದ್ರೆ ಕೇಳ್ತಿದ್ರಾ ಮಾವ?" ಎಂದ ಅಳಿಯ. "ಅಷ್ಟು ಬಿಗಿ ಇದ್ರೆ ಬ್ರೇಕು ಪೂರ್ತಿ ಬಿಡಲ್ಲ. ಹಿಡ್ಕೊಂಡೇ ಓಡುತ್ತೆ. ಅದಕ್ಕೇ ಪ್ಯಾಡು ಸವೆಯೋದು, ಅದನ್ನ ಎಳೆದೂ ಎಳೆದೂ ಎಂಜಿನ್ ಬಿಸಿಯಾಗೋದು."

"ಬೆಳಿಗ್ಗೆ ನಾನೇ ಚಕ್ರ ತಿರುಗಿಸಿ ನೋಡ್ತೀನಿ. ಎಲ್ಲಿ ಹಿಡ್ಕೊಂಡಿದೆ? ನನಗೇ ಬ್ರೇಕಿನ ಪಾಠ ಹೇಳ್ತೀಯ? ಕದ್ದು ಕೈಯಾಡಿಸೋ ಮನುಷ್ಯ ನನ್ನ ಶೆಡ್ಡಲ್ಲಿ ಬೇಡ. ಸೋಮವಾರದಿಂದ ಬೇರೆ ಕೆಲಸ ನೋಡ್ಕೋ."

ಮಗಳು ಎದ್ದು ಮೆಷಿನ್ನಿಗೆ ಬಟ್ಟೆ ಮುಚ್ಚಿದಳು. "ಇವರು ಹೋದ್ರೆ ನಾನೂ ಹೋಗ್ತೀನಿ ಅಪ್ಪಾ. ಆಮೇಲೆ ನಿನಗೆ ಅನುಮಾನ ಪಡೋಕೆ ಅತ್ತೆ ಒಬ್ಬರೇ ಉಳೀತಾರೆ." ನಗಿಸಲು ಹೇಳಿದ ಮಾತಲ್ಲ ಅದು. ಇವಳು ಆಡಿದ್ದನ್ನು ಮಾಡುವವಳು.

ಭಾನುವಾರ ಬೆಳಿಗ್ಗೆ ಅಳಿಯನೇ ಮಾವನ ಎದುರು ನಿಂತ. "ನಾಳೆ ಹೋಗ್ತೀವಿ. ಅದಕ್ಕೆ ಮುಂಚೆ ಒಂದು ಸಲ ನೋಡಿಬಿಡಿ. ಕಡ್ಡೀನ ನೀವೇ ಬಿಗೀರಿ, ನೀವೇ ಓಡಿಸಿ. ನಾನು ಗಾಡಿ ಮುಟ್ಟೋದೇ ಇಲ್ಲ. ಆದ್ರೆ ವಾಪಸ್ ಬಂದಾಗ ಬಿಸಿ ಇರೋವಾಗಲೇ ನೋಡ್ಬೇಕು, ತಣ್ಣಗಾದ ಮೇಲಲ್ಲ."

ಇನ್ನೊಬ್ಬರ ಕೈ ಸೋಕದ ಪರೀಕ್ಷೆ ಎಂದ ಮೇಲೆ ತಮ್ಮನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಕಡ್ಡಿ ಬಿಗಿದ. ಶೆಡ್ಡಿನಿಂದ ಹ್ಯಾಂಡ್ ಬ್ರೇಕ್ ಬಿಟ್ಟೊಡನೆ ಗಾಡಿ ತಾನಾಗಿ ಓಣಿಯ ಇಳಿಜಾರಿಗೆ ಜಾರಿತು, ಎಂದಿನಂತೆ. "ನೋಡಿದ್ಯಾ? ಎಲ್ಲಿ ಹಿಡ್ಕೊಂಡಿದೆ?" ಎಂದು ಕೂಗಿ ಹೊರಟುಹೋದ.

ವಾಪಸ್ ಬಂದಾಗ ಗಾಡಿಗಿಂತ ಮೊದಲು ವಾಸನೆ ಬಂತು. ಓಣಿಯ ಮೇಲ್ತುದಿಯಿಂದ ಇಳಿದು ಮನೆಯ ಮುಂದೆ ನಿಲ್ಲಿಸಿದ. ಅಳಿಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರದಲ್ಲೇ ನಿಂತ. "ಎಂಜಿನ್ ಆಫ್ ಮಾಡಿ ಮಾವ. ಗೇರ್ ತೆಗೀರಿ. ಹ್ಯಾಂಡ್ ಬ್ರೇಕ್ ಬಿಡಿ. ಈಗ ಪೆಡಲಿಂದ ಕಾಲು ತೆಗೀರಿ."

ಗಾಡಿ ಅಲುಗಲಿಲ್ಲ. ಚೆಂಡು ಇಟ್ಟರೆ ಮುಖ್ಯರಸ್ತೆಗೆ ಉರುಳುವ ಇಳಿಜಾರಿನಲ್ಲಿ ಆ ಗಾಡಿ ಬೇರು ಬಿಟ್ಟಂತೆ ನಿಂತಿತ್ತು.

ತಮ್ಮ ಎರಡೂ ಕಾಲನ್ನು ಬಾಗಿಲಿನಾಚೆ ಚಾಚಿ ತಾನೇ ನೋಡಿಕೊಂಡ, ಯಾವ ಕಾಲೂ ಪೆಡಲ್ ಮೇಲಿಲ್ಲ ತಾನೆ ಎಂದು. "ಚಕ್ರಕ್ಕೆ ಕಲ್ಲು ಕೊಟ್ಟಿದ್ದೀಯ" ಎಂದ. ಇಳಿದು, ಬಗ್ಗಿ, ಒಂದೊಂದೇ ಚಕ್ರ ನೋಡಿದ. ಕಲ್ಲಿಲ್ಲ. ಮಗಳೂ ನಾನೂ ಹಿಂದಿನಿಂದ ತಳ್ಳಿದೆವು, ಗಾಡಿ ಜಗ್ಗಲಿಲ್ಲ.

"ಬಸ್ಸಿನ ಬ್ರೇಕು ಗಾಳಿಯಿಂದ ಹಿಡಿಯುತ್ತೆ ಮಾವ, ಇದು ಎಣ್ಣೆಯಿಂದ" ಎಂದ ಅಳಿಯ, ಈಗ ಮೆಲ್ಲಗೆ. "ಬಿಸಿಯಾದ್ರೆ ಎಣ್ಣೆ ಹಿಗ್ಗುತ್ತೆ. ಹಿಗ್ಗಿದ್ದು ಮೇಲಿರೋ ಎಣ್ಣೆ ಡಬ್ಬಿಗೆ ವಾಪಸ್ ಹೋಗೋಕೆ ಸಿಲಿಂಡರಲ್ಲಿ ಸಣ್ಣ ತೂತಿದೆ. ಕಡ್ಡಿ ಒಂದು ಚೂರೂ ಆಡದ ಹಾಗೆ ಬಿಗಿದ್ರೆ ಆ ತೂತು ಮುಚ್ಚಿಹೋಗುತ್ತೆ. ಆಗ ಎಣ್ಣೆ ಪ್ಯಾಡನ್ನೇ ಒತ್ತುತ್ತೆ. ತಣ್ಣಗಾದ್ರೆ ಕುಗ್ಗುತ್ತೆ, ಅದಕ್ಕೇ ಬೆಳಿಗ್ಗೆ ಚಕ್ರ ಸಲೀಸು. ಕಡ್ಡೀನ ಸ್ವಲ್ಪ ಹಿಂದೆ ತಗೊಂಡ್ರೆ ಸಾಕು. ನೀವೇ ಮಾಡಿ ನೋಡಿ."

ತಮ್ಮ ಸ್ಪ್ಯಾನರ್ ಹಿಡಿದು ಪೆಡಲಿನ ಕೆಳಗೆ ತಲೆ ತೂರಿಸಿದ. ಕಾಲುಗಳು ಓಣಿಯಲ್ಲಿ.

"ಮಾವ, ಮೊದಲು ಹ್ಯಾಂಡ್ ಬ್ರೇಕ್ ಹಾಕಿ!"

"ನನಗೆ ಹೇಳ್ಕೊಡಬೇಡ!" ಎಂದು ಒಳಗಿಂದ ಗುಡುಗಿದ. ನಟ್ಟು ತಿರುಗಿಸಿದ್ದೇ ತಡ, ಹಿಡಿದಿಟ್ಟ ಉಸಿರು ಬಿಟ್ಟಂತೆ ಸದ್ದಾಗಿ ಗಾಡಿ ಹೊರಟೇಬಿಟ್ಟಿತು, ಅವನ ಕಾಲನ್ನು ನೆಲದ ಮೇಲೆ ಎಳೆದುಕೊಂಡು. ಮಗಳು ಚೀರಿದಳು. ಅಳಿಯ ಒಂದೇ ನೆಗೆತಕ್ಕೆ ಇನ್ನೊಂದು ಬಾಗಿಲಿಂದ ಅರ್ಧ ಮೈ ಒಳಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆದ. ಪಕ್ಕದ ಮನೆಯ ಗೋಡೆಗೆ ಒಂದು ಮಾರು ದೂರದಲ್ಲಿ ಗಾಡಿ ನಿಂತಿತು.

ತಮ್ಮ ತೆವಳಿಕೊಂಡು ಹೊರಗೆ ಬಂದ. ಒಂದು ಚಪ್ಪಲಿ ಹಿಂದೆಯೇ ಬಿದ್ದಿತ್ತು, ಮಂಡಿ ತರಚಿ ರಕ್ತ ಬರುತ್ತಿತ್ತು. ಅಳಿಯನನ್ನು ಮೇಲಿಂದ ಕೆಳಗೆ ನೋಡಿದ.

"ಗಾಡಿ ಮುಟ್ಟಲ್ಲ ಅಂದಿದ್ದೆ" ಎಂದ.

"ತಪ್ಪಾಯ್ತು ಮಾವ" ಎಂದ ಅಳಿಯ. ಅವನ ಕೈ ಇನ್ನೂ ಹ್ಯಾಂಡ್ ಬ್ರೇಕ್ ಬಿಟ್ಟಿರಲಿಲ್ಲ.

ನಗು ಬಂದರೂ ನಗಲಿಲ್ಲ, ಮಗಳ ಮುಖ ನೋಡಿ. ಅವಳು ಅಪ್ಪನ ಮಂಡಿ ತೊಳೆದು ಪಟ್ಟಿ ಕಟ್ಟಿದಳು. ಕಟ್ಟಿ ಮುಗಿಸಿ ಎದ್ದಾಗ ಹೇಳಿದಳು: "ಗಂಟು ಮೂಟೆ ಕಟ್ಟೋದಿದೆ. ಬೆಳಿಗ್ಗೆ ಬೇಗ ಹೊರಡ್ಬೇಕು."

ತಮ್ಮ ಕಾಲು ಚಾಚಿ ಮೆಟ್ಟಿಲ ಮೇಲೆ ಕೂತಿದ್ದ. "ನಾಳೆ ಪ್ಯಾಡು ಬದಲಾಯಿಸ್ಬೇಕು" ಎಂದ ಓಣಿಯ ಕಡೆ ನೋಡುತ್ತಾ. "ನಾನು ಹೋದ್ರೆ ಆ ಅಂಗಡಿಯವನು ಬಾಗಿಲು ಹಾಕ್ಕೋತಾನೆ. ಯಾರಾದ್ರೂ ಮರ್ಯಾದಸ್ಥರು ಹೋಗಿ ತರ್ಬೇಕು."

ಅಳಿಯ ಓಣಿಯಲ್ಲಿ ಬಿದ್ದಿದ್ದ ಚಪ್ಪಲಿಯನ್ನು ತಂದು ಮೆಟ್ಟಿಲ ಬಳಿ ಇಟ್ಟ.

"ಏನಪ್ಪಾ, ನಿನಗೇ ಹೇಳಿದ್ದು."

ಅಳಿಯ ಹೆಂಡತಿಯ ಮುಖ ನೋಡಿದ. ಆಮೇಲೆ, "ತರ್ತೀನಿ ಮಾವ. ಇನ್ಮೇಲೆ ಏನು ಮಾಡಿದ್ರೂ ಹೇಳೇ ಮಾಡ್ತೀನಿ. ಬೈಸ್ಕೊಂಡಾದ್ರೂ ಸರಿ. ನೀವು ಮಾತ್ರ ಗುಡ್ಡದಿಂದ ಬೀಳ್ಸೋಕೆ ಮಾಡಿದೆ ಅನ್ನೋ ಮಾತು ಇನ್ನೊಂದ್ಸಲ ಆಡ್ಬೇಡಿ. ಅದನ್ನ ತಡ್ಕೊಳ್ಳೋಕೆ ನನ್ನಿಂದಾಗಲ್ಲ" ಎಂದ.

"ಆಡಲ್ಲ" ಎಂದ ತಮ್ಮ. ಅಷ್ಟು ಚಿಕ್ಕ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಸೋಮವಾರ ಅವರು ಹೋಗಲಿಲ್ಲ. ಮೆಷಿನ್ನಿನ ಮೇಲಿನ ಬಟ್ಟೆಯನ್ನು ಮಗಳು ಮಧ್ಯಾಹ್ನದವರೆಗೂ ತೆಗೆಯಲಿಲ್ಲ, ಅಪ್ಪ ಕಾಯಲಿ ಎಂದು.

ಆ ಸಂಜೆ ತಮ್ಮ ನನ್ನ ಪಕ್ಕ ಬಂದು ಕೂತು ದನಿ ತಗ್ಗಿಸಿದ. "ಅಕ್ಕಾ, ಉಳ್ಕೊಳ್ಳೋಕೆ ಅಷ್ಟು ಬೇಗ ಹೇಗೆ ಒಪ್ಕೊಂಡ ಅವನು?"

"ಏನು, ಒಪ್ಕೊಂಡಿದ್ದೂ ತಪ್ಪಾ?"

"ತಪ್ಪು ಅಂತಲ್ಲ. ಸುಮ್ನೆ ಕೇಳ್ದೆ."

ಈಗ ಗಾಡಿ ಗುಡ್ಡದಿಂದ ಬಂದ ಕೂಡಲೇ, ಅದು ತಣ್ಣಗಾಗುವ ಮೊದಲೇ ಇಬ್ಬರೂ ಸೇರಿ ಅದನ್ನು ಜಾಕ್ ಮೇಲೆ ಎತ್ತುತ್ತಾರೆ. ಎಡಗಡೆಯ ಚಕ್ರಗಳನ್ನು ಮಾವ ತಿರುಗಿಸಿ ನೋಡುತ್ತಾನೆ, ಬಲಗಡೆಯವನ್ನು ಅಳಿಯ. ಆಮೇಲೆ ಜಾಗ ಬದಲಾಯಿಸಿಕೊಂಡು, ಇನ್ನೊಬ್ಬರು ನೋಡಿದ್ದನ್ನೇ ಮತ್ತೆ ತಿರುಗಿಸಿ ನೋಡುತ್ತಾರೆ. ಅಳಿಯನಿಗೂ ಈಗ ಅದಿಲ್ಲದಿದ್ದರೆ ಸಮಾಧಾನವಿಲ್ಲ.