ಇಲ್ಲದ ಗಂಟು

ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜಂಪರ್, ಅಂದರೆ ರವಿಕೆ, ಹೊಲಿಯುತ್ತಿದ್ದೇನೆ. ಹೆಂಗಸರು ಗಂಡನ ಮುಂದೆ ಹೇಳದ್ದನ್ನು ಟೇಪು ಹಿಡಿದವಳ ಮುಂದೆ ಹೇಳುತ್ತಾರೆ. ಆದರೂ ನನ್ನ ಅಕ್ಕನ ಮಗಳು ಶ್ರದ್ಧಾ ಬಾಯಿ ಬಿಟ್ಟು ಹೇಳುವವರೆಗೆ ಅವಳ ಕಷ್ಟ ನನಗೆ ತಿಳಿದಿರಲಿಲ್ಲ. ಎದೆಯ ಅಳತೆ ನಲವತ್ತಾರು ಎಂದು ಬರೆದುಕೊಂಡು, ನಿನಗೆ ಬಟ್ಟೆ ಹೆಚ್ಚಿಗೆ ಬೇಕು ಎಂದು ಚೇಷ್ಟೆ ಮಾಡಿದವಳು ನಾನು.

ವಾಗದರಿ ಎಂಬ ಹಳ್ಳಿಯ ಹುಡುಗಿ, ಅಕ್ಕಲಕೋಟೆಯ ಶಾಲೆಯಲ್ಲಿ ಟೀಚರ್. ಹದಿನೈದಕ್ಕೇ ಮೈ ತುಂಬಿತ್ತು. ಅದನ್ನು ಮುಚ್ಚಲು ಬೆನ್ನು ಬಾಗಿಸಿ ನಡೆಯುವುದನ್ನು ಕಲಿತಳು. ಇಪ್ಪತ್ತಾರಾಗುವ ಹೊತ್ತಿಗೆ ಬೆನ್ನು ಹಾಗೆಯೇ ನಿಂತುಬಿಟ್ಟಿತ್ತು. ಒಳಂಗಿಯ ಪಟ್ಟಿ ಒತ್ತಿ ಒತ್ತಿ ಎರಡೂ ಹೆಗಲಲ್ಲಿ ಬೆರಳು ಹೂಳುವಷ್ಟು ಗುಳಿ. ಬೇಸಿಗೆಯಲ್ಲಿ ಎದೆಯ ಕೆಳಗೆ ಬೆವರಿ, ಚರ್ಮ ಸುಲಿದು ಹುಣ್ಣು. ಬೋರ್ಡಿನ ಮೇಲ್ತುದಿಯಲ್ಲಿ ತಾರೀಖು ಬರೆಯಲು ಕೈ ಎತ್ತಿದರೆ ಬೆರಳು ಜೋಮು ಹಿಡಿಯುತ್ತಿದ್ದವು. ನೋವಿನ ಗುಳಿಗೆ ದಿನಕ್ಕೆರಡು. ಇದನ್ನೆಲ್ಲ ಕೇಳಿ ನನ್ನ ಅಕ್ಕ ಇಂದುಬಾಯಿ ಹೇಳಿದ್ದು ಒಂದೇ ಮಾತು: "ದೇವರು ಕೊಟ್ಟದ್ದು, ಹೊರಬೇಕು." ಹೊರುವವಳು ಅವಳಲ್ಲವಲ್ಲ.

ಶ್ರದ್ಧಾಳ ನಿಶ್ಚಯ ಸೋಲಾಪುರದ ಪಾತ್ರೆ ಅಂಗಡಿಯ ಓಂಕಾರನ ಜೊತೆ ಆಗಿತ್ತು. ಮದುವೆಗೆ ಇನ್ನೂ ಐದು ತಿಂಗಳಿತ್ತು. ಅಷ್ಟರೊಳಗೆ ಎದೆಯ ಭಾರ ಕಡಿಮೆ ಮಾಡುವ ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ಹಟ ಹಿಡಿದಳು. ನಾನೇ ಜೊತೆಗೆ ಹೋದೆ. ಡಾಕ್ಟರ್ ಮೇಡಂ ಏನನ್ನೂ ಬಚ್ಚಿಡಲಿಲ್ಲ. ಬೆನ್ನಿಗೆ ಆರಾಮ ಸಿಗುತ್ತದೆ, ಆದರೆ ಮೊಲೆತೊಟ್ಟಿನ ಸುತ್ತ, ಅಲ್ಲಿಂದ ಕೆಳಗೆ, ಮಡಿಕೆಯ ಉದ್ದಕ್ಕೂ ಕಲೆ ಉಳಿಯುತ್ತದೆ. ಮುಟ್ಟಿದ್ದು ತಿಳಿಯದೆ ಹೋಗಬಹುದು. ಮುಂದೆ ಕೂಸಿಗೆ ಹಾಲು ಕಡಿಮೆಯಾಗಬಹುದು ಎಂದರು. ತೆಗೆದದ್ದನ್ನು ತಪಾಸಣೆಗೆ ಕಳಿಸುವುದು ರೂಢಿ, ಅದಕ್ಕೆ ಹೆದರಬೇಡಿ ಎಂದೂ ಹೇಳಿದರು. ಶ್ರದ್ಧಾ ಎಲ್ಲಕ್ಕೂ ತಲೆಯಾಡಿಸಿದಳು.

ಹೊರಗೆ ಬಂದಮೇಲೆ, "ಮಾವಶಿ, ಓಂಕಾರ ಅವರಿಗೆ ಹೇಳತೀನಿ," ಎಂದಳು.

"ಹುಚ್ಚಿ ಏನ ನೀ? ಮೈ ತಿದ್ದಿಸ್ಕೊಂಡಾಳ, ಸೊಕ್ಕಿನಾಕಿ ಅಂತಾರ. ಸಣ್ಣ ಗಂಟಿತ್ತು, ತಗಸೀವಿ ಅಂದ್ರಾತು. ಬ್ಯಾನಿ ಬಂದ್ರ ಯಾರೂ ತಪ್ಪ ಹಿಡಿಯೂದಿಲ್ಲ."

ನಮ್ಮಲ್ಲಿ ಹಾಗೇ. ರೋಗ ಬಂದರೆ ಹಣೆಬರಹ, ಸಂಕಟ ತಾಳದೆ ಕೊಯ್ಯಿಸಿಕೊಂಡರೆ ಸೊಕ್ಕು. ಅಕ್ಕನೂ ನನ್ನ ಮಾತನ್ನೇ ಹಿಡಿದಳು. ಶ್ರದ್ಧಾ ಎರಡು ದಿನ ವಾದ ಮಾಡಿ ಸುಮ್ಮನಾದಳು.

ಆಪರೇಷನ್ ದಿನ ಮುಂಜಾನೆ ಅವಳನ್ನು ನಿಲ್ಲಿಸಿ ಎದೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು. ನಾನು ಬಟ್ಟೆಯ ಮೇಲೆ ಕತ್ತರಿಸುವ ಮೊದಲು ಎಳೆಯುವ ಹಾಗೆಯೇ ಇತ್ತು, ಮುಖ ತಿರುಗಿಸಿದೆ. ಸಂಜೆಗೆ ಎರಡೂ ಬದಿ ನಳಿಕೆ, ಅದರಲ್ಲಿ ರಕ್ತ ನೀರು. ಮೂರನೆಯ ದಿನ ನನ್ನ ಮನೆಗೆ ಕರೆತಂದೆ. ಮಗ್ಗುಲಾಗುವಂತಿಲ್ಲ, ತಲೆ ಬಾಚಲು ಕೈ ಎತ್ತುವಂತಿಲ್ಲ, ಹಗಲೂ ರಾತ್ರಿ ಬಿಗಿ ಒಳಂಗಿ. ಎಡಗಡೆ ಹೊಲಿಗೆ ಕೂಡುವಲ್ಲಿ ಗಾಯ ಬಿಟ್ಟುಕೊಂಡು ಮೂರು ವಾರ ಪಟ್ಟಿ ಕಟ್ಟಿಸಬೇಕಾಯಿತು.

ಆ ದಿನಗಳಲ್ಲೇ ಓಂಕಾರನ ತಾಯಿ ಶಾರದಾಬಾಯಿ ಹಣ್ಣು ಹಿಡಿದು ನೋಡಲು ಬಂದರು. ಏನಾಗಿತ್ತೆಂದು ಕೇಳಿದರು. ಶ್ರದ್ಧಾ ನನ್ನ ಮುಖ ನೋಡಿದಳು. ನಾನು ತಡವರಿಸದೆ ಹೇಳಿದೆ: "ಸಣ್ಣ ಗಂಟಿತ್ತರಿ. ತಗದಾರ."

"ಎದಿಯಾಗ?"

"ಹೌಂದ್ರಿ. ತಪಾಸಣಿಗೆ ಕಳಿಸ್ಯಾರ. ಏನೂ ಇರೂದಿಲ್ಲ."

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅವರು ಬಂದುಹೋದ ಎಂಟನೆಯ ದಿನ, ಈ ಸಂಬಂಧ ಕೂಡಿಸಿದ ಗುರುಸಿದ್ಧ ಮಾಸ್ತರರು ಬಂದರು. "ಅವರ ಮನ್ಯಾಗ ಒಬ್ಬಾಕಿ ಎದಿ ಗಂಟಿನಿಂದನ ಸತ್ತಾಳ್ರಿ. ಮತ್ತ ಅಂಥಾ ಸಂಬಂಧ ಬ್ಯಾಡ ಅಂತಾರ." ಏನೂ ದೋಷವಿಲ್ಲವೆಂಬ ರಿಪೋರ್ಟನ್ನು ಅವರ ಮುಂದೆ ಹಿಡಿದೆ. ಮಾಸ್ತರರು ಕನ್ನಡಕ ಏರಿಸಿ ಪೂರ್ತಿ ಓದಿದರು. "ಇದರಾಗ ಗಂಟಿನ ಹೆಸರ ಇಲ್ಲಲ್ಲರಿ. ಹಂಗಾದ್ರ ತಗದದ್ದೇನು?" ಎಂದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕುಳಿತಿದ್ದೆ.

ಒಳಗಿಂದ ಎಲ್ಲ ಕೇಳಿಸಿಕೊಂಡ ಶ್ರದ್ಧಾ ತಾನೇ ಓಂಕಾರನಿಗೆ ಫೋನ್ ಹಚ್ಚಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಸ್ಪೀಕರ್ ಹಾಕಿದ್ದಳು, ನನಗೆ ಕೇಳಲೆಂದೇ ಇರಬೇಕು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಮೊದಲ ಹೇಳಿದ್ರ ದವಾಖಾನಿಗೆ ನಾನ ಬರತಿದ್ದೆ. ನಮ್ಮ ಅಕ್ಕಗೂ ಇದ ತ್ರಾಸ ಐತಿ," ಎಂದ. "ಈಗ ಗಂಟು ಖರೇನೋ, ಇದು ಖರೇನೋ, ನಮ್ಮವ್ವಗ ಹ್ಯಾಂಗ ಹೇಳಲಿ? ನನಗ ತಿಳೀವಲ್ದು." ಫೋನ್ ಇಟ್ಟವನು ಮತ್ತೆ ಹಚ್ಚಲಿಲ್ಲ.

ಅವರ ಮನೆಗೂ ಹೋಗಿ, ಕೈ ಮುಗಿದು, ನಿಜ ಹೇಳಿ ಬಂದೆ. ಶಾರದಾಬಾಯಿ ಕೂತುಕೊಳ್ಳಿ ಎಂದೂ ಅನ್ನಲಿಲ್ಲ. ವಾಗದರಿಯ ಜನರ ಲೆಕ್ಕದಲ್ಲಿ ಶ್ರದ್ಧಾಳಿಗೆ ಈಗ ಕ್ಯಾನ್ಸರ್. ಊರ ಬಾಯಿಗೆ ಹೊಲಿಗೆ ಹಾಕಲು ನನ್ನ ಮಷೀನಿಗೆ ಬರುವುದಿಲ್ಲ. ವರ್ಷವಾಯಿತು, ಇನ್ನೊಂದು ಸಂಬಂಧ ಬಂದಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ, ನನಗೇ ನನ್ನ ಮುಖ ನೋಡಿಕೊಳ್ಳಲು ಬೇಡವಾಗಿದೆ.

ಹೋದ ವಾರ ಶ್ರದ್ಧಾ ಜಂಪರಿನ ಅಳತೆ ಕೊಡಲು ಬಂದಳು. ಬೆನ್ನು ನೆಟ್ಟಗಿತ್ತು. ಹೆಗಲ ಗುಳಿ ಅರ್ಧ ತುಂಬಿದೆ. ಹೇಳುವ ಮೊದಲೇ ಎರಡೂ ಕೈ ಎತ್ತಿ ನಿಂತಳು. ಮೂವತ್ತೆಂಟು ಎಂದು ಬರೆಯುವಾಗ ನನ್ನ ಕಣ್ಣು ತುಂಬಿ ಅಂಕಿ ಕಾಣಲಿಲ್ಲ.

"ನೋವು ಐತೇನ?"

"ಇಲ್ಲ ಮಾವಶಿ. ಗುಳಿಗಿ ಬಿಟ್ಟೀನಿ. ಬೋರ್ಡಿನ ತುದಿತನಕ ಬರೀತೀನಿ."

ತಡೆಯಲಾಗದೆ ಹೇಳಿಬಿಟ್ಟೆ: "ಇನ್ನ ಯಾರರ ಕೇಳಿದ್ರ ಖರೇನ ಹೇಳ್ತೀನವ್ವಾ, ನಿನ್ನಾಣಿ."

ಅವಳು ಕೈ ಇಳಿಸಿ ಓಢಣಿ ಸರಿಮಾಡಿಕೊಂಡಳು.

"ಈಗ ಯಾರು ಕೇಳ್ತಾರ, ಮಾವಶಿ?"