ಧಾರೆ ಸೀರೆಯ ಮೇಲೆ ಬೋರಲಾದ ಡಬ್ಬಿ

ಆ ಕಾಲಕ್ಕೆ ನಮ್ಮ ಕೊಳ್ಳೇಗಾಲದ ಬೀದಿಯಲ್ಲಿ ಪಾರ್ಟಿ ಎಂದರೆ ಒಂದೋ ಎಲೆಕ್ಷನ್, ಇಲ್ಲವೇ ಗಂಡಸರ ಕುಡಿತ. ಹಾಗಾಗಿ ಪ್ಲಾಸ್ಟಿಕ್ ಡಬ್ಬಿ ಮಾರುವ ಪಾರ್ಟಿಗೆ ಹೆಂಗಸರನ್ನು ಕರೆಯಲು ಅಮ್ಮ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋದಳು. "ಸಂಜೆ ಅರಿಶಿನ ಕುಂಕುಮಕ್ಕೆ ಬನ್ನಿ" ಎಂದಳೇ ಹೊರತು ಡಬ್ಬಿಯ ಸುದ್ದಿ ಎತ್ತಲಿಲ್ಲ. ನಾನು ಹುಟ್ಟಾ ಪುಕ್ಕಲಿ. ಬಂದವರು ಕೋಪಿಸಿಕೊಂಡು ಎದ್ದು ಹೋದರೆ ಅಷ್ಟೊಂದು ಕಡಲೆಕಾಳು ಉಸಲಿ ತಿನ್ನುವವರ್ಯಾರು ಎಂದು ಬೆಳಗಿನಿಂದ ಕೊರಗುತ್ತಿದ್ದೆ.

ಬಂದರು. ಮಲ್ಲಿಗೆ, ಒಗ್ಗರಣೆಯ ಘಮ, ಸೀರೆಗಳ ಸರಬರ. ಅಮ್ಮನ ಬಾಲ್ಯದ ಗೆಳತಿ ರತ್ನಕ್ಕ ಹನೂರಿನಿಂದ ಬಸ್ಸಿನಲ್ಲಿ ತಂದ ಚೀಲ ಬಿಚ್ಚಿದಳು. ಅವಳು ಮಾರಲು ಕೂತ ಮೊದಲ ಮನೆ ನಮ್ಮದು. "ಮುಂದಿನ ಸಲ ನಮ್ಮನೇಲಿ ಮಾಡು" ಎಂದು ಒಬ್ಬರಾದರೂ ಕರೆಯದಿದ್ದರೆ ಚೀಲವನ್ನು ಕಂಪನಿಗೆ ವಾಪಸ್ ಕೊಟ್ಟುಬಿಡು ಎಂದು ಅವಳ ಗಂಡ ಹೇಳಿ ಕಳಿಸಿದ್ದ.

ಸೋರುವುದಿಲ್ಲ ಎಂದು ತೋರಿಸಲು ರತ್ನಕ್ಕ ಡಬ್ಬಿಗೆ ನೀರು ತುಂಬಿ ಬೋರಲು ಹಾಕಲು ಹೊರಟಳು. ಗೋಡೆಗೆ ಒರಗಿದ್ದ ನನ್ನಜ್ಜಿ, ಅಪ್ಪನ ತಾಯಿ, ತಡೆದಳು.

"ನೀರ್ ಚೆಲ್ಲುದ್ರೆ ಒರುಸ್ಕೋಬೋದು ಕಣಮ್ಮಿ. ಆರತಿ ನೀರ್ ಉಯ್ಯಿ. ನನ್ ಸೊಸೆ ಧಾರೆ ಸೀರೆ ಮ್ಯಾಲೆ ಬೋರ್ಲಾಕು. ಒಂದ್ ಅನಿ ಬಿದ್ರೂ ಈ ಡಬ್ಬಿ ನನ್ ಅಡ್ಗೆಮನೆ ಒಸ್ಲು ದಾಟ್ಕೂಡ್ದು."

ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ಅದು. ರೇಷ್ಮೆಗೆ ಹತ್ತಿದರೆ ಹೋಗುವ ಕಲೆಯಲ್ಲ. ಅಮ್ಮ ಎದ್ದು ಟ್ರಂಕು ತೆಗೆದಳು. ಸೀರೆಯನ್ನು ಮಡಿಲ ಮೇಲೆ ಹರಡಿ, ಸೆರಗನ್ನು ನನ್ನ ಕೈಗೆ ಕೊಟ್ಟಳು.

"ಬ್ಯಾಡ ಕಣೇ," ರತ್ನಕ್ಕನ ದನಿ ಇಳಿದಿತ್ತು. "ನಿಂಗಿರೋದೇ ಇದೊಂದು."

"ಬಸ್ ಅತ್ತುವಾಗಿದ್ದ ಧೈರ್ಯ ಎಲ್ ಓಯ್ತೇ? ಆಕು," ಎಂದಳು ಅಮ್ಮ.

ರತ್ನಕ್ಕ ಆರತಿ ನೀರು ಹುಯ್ದು ಮುಚ್ಚಳ ಒತ್ತಿ, ಅಂಚು ಕೊಂಚ ಎತ್ತಿ ಒಳಗಿನ ಗಾಳಿಯನ್ನು ಪುಸ್ಸನೆ ಹೊರಬಿಟ್ಟಳು. ತಿರುವಿದಳು. ಬೆಳ್ಳನೆಯ ಡಬ್ಬಿಯೊಳಗೆ ಆ ಕೆಂಪು ಓಲಾಡಿ, ಜರಿಯ ಮೇಲೆ ಗಾಳಿಯಲ್ಲೇ ನಿಂತಿತು. ನಾನು ಮಾದಪ್ಪನಿಗೆ ಮುಡಿ ಹರಕೆ ಹೊತ್ತೆ. ಅಪ್ಪನ ಮುಡಿ, ಆ ಭಯದಲ್ಲೂ ನನ್ನ ಜಡೆಯ ಎಚ್ಚರವಿತ್ತು.

ಒಂದು ಹನಿಯೂ ಬೀಳಲಿಲ್ಲ. "ಅಯ್ಯೋ ಶಿವನೇ!" ಎಂದರು ಯಾರೋ. ಅಜ್ಜಿ ಮುಚ್ಚಳದ ಸುತ್ತ ಬೆರಳಾಡಿಸಿದಳು. ಒಣಗಿತ್ತು. ಆಮೇಲೆ ಡಬ್ಬಿಯನ್ನು ಬಿಟ್ಟು ಸೊಸೆಯನ್ನೇ ನೋಡಿದಳು, ಹಿಂದೆಂದೂ ನೋಡಿರದವಳಂತೆ. ನಾನೂ ಹಾಗೆಯೇ ನೋಡುತ್ತಿದ್ದೆ.

"ಬರೋ ಸುಕ್ರವಾರ ರಾಮಾಪುರ್ದಲ್ಲಿ ನನ್ ತಂಗಿ ಮನೇಲಿ ಮಾಡಮ್ಮಿ," ಎಂದಳು ಅಜ್ಜಿ, ರತ್ನಕ್ಕನಿಗೆ. "ಅವಳ ಸೊಸೇಗೂ ಧಾರೆ ಸೀರೆ ಐತೆ."

ಮನೆ ತುಂಬ ನಗು. ರತ್ನಕ್ಕ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮೊನ್ನೆ ಫೋನಿನಲ್ಲಿ ಡಬ್ಬಿಗಳನ್ನು ತರಿಸಿದೆ. ಬಾಗಿಲಲ್ಲಿಟ್ಟು ಹೋದವರ ಮುಖವನ್ನೂ ನೋಡಲಿಲ್ಲ. ಒಂದಕ್ಕೆ ನೀರು ತುಂಬಿ ಬೋರಲು ಹಾಕಿದೆ. ಅದೂ ಸಿಂಕಿನಲ್ಲಿ, ಕೆಳಗೆ ಹಳೇ ಟವೆಲ್ ಹಾಸಿ. ಸೋರಲಿಲ್ಲ. ಸುತ್ತ ನೋಡಿದೆ. ನನ್ನ ಜೊತೆ ಉಸಿರು ಬಿಗಿಹಿಡಿದವರು ಯಾರೂ ಇರಲಿಲ್ಲ.