ಶಕ್ತಿ ಮಾತ್ರೆ

ಸುಳ್ಳು ಹೇಳಿದವಳು ನಾನೇ. ಭಾವ ತೀರಿಕೊಂಡ ಮೇಲೆ ಅಕ್ಕ ಚಾಮರಾಜಪೇಟೆಯ ನಮ್ಮ ಮನೆಗೆ ಬಂದಳು. ಭಾವನಿಗಿದ್ದದ್ದು ಎಚ್‌ಐವಿ, ಅದು ಅಕ್ಕನಿಗೂ ಅಂಟಿದೆ ಎನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಮಾತ್ರೆ ಪುಕ್ಕಟೆ ಸಿಗಲು ಶುರುವಾಗಿದ್ದ ಕಾಲ. ಮೂರು ಔಷಧಿ ಸೇರಿಸಿದ ಒಂದೇ ಮಾತ್ರೆ, ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಅದೇನೆಂದು ಅಮ್ಮ ಕೇಳಿದಾಗ ನಾನು ಥಟ್ಟನೆ, "ಶಕ್ತಿ ಮಾತ್ರೆ ಅಮ್ಮ, ತುಂಬಾ ಸೊರಗಿದಾಳಲ್ಲ" ಎಂದುಬಿಟ್ಟೆ. ಮಕ್ಕಳಿಗೆ ಪಾಠ ಹೇಳುವವಳ ಬಾಯಲ್ಲಿ ಸುಳ್ಳು ಅಷ್ಟು ಸಲೀಸಾಗಿ ಬರಬಾರದಿತ್ತು.

ಕೆಲವು ತಿಂಗಳ ನಂತರ ಮತ್ತೆ ಮಾತ್ರೆ ತರಲು ಹೋದಾಗ ಅಲ್ಲಿನ ಕೌನ್ಸೆಲರ್ ಅಕ್ಕನ ಡಬ್ಬಿ ತೆರೆದು ಎಣಿಸಿದರು. ನಾಲ್ಕು ಹೆಚ್ಚಿಗೆ ಉಳಿದಿದ್ದವು.

"ಯಾವತ್ತು ಬಿಟ್ರಿ?"

"ಎರಡು ಏಕಾದಶಿ ಬಂತಲ್ಲ ಮೇಡಂ" ಎಂದಳು ಅಕ್ಕ.

ನಮ್ಮ ಮನೆಯಲ್ಲಿ ಏಕಾದಶಿಯೆಂದರೆ ಹನಿ ನೀರೂ ಇಲ್ಲ. ಅಮ್ಮನೇ ಅವಳಿಗೆ, "ಶಕ್ತಿ ಮಾತ್ರೆ ತಾನೆ? ಒಂದಿನ ಬಿಟ್ರೆ ಪ್ರಾಣವೇನೂ ಹೋಗಲ್ಲ" ಎಂದಿದ್ದಳಂತೆ. ನಾನು ತಲೆ ತಗ್ಗಿಸಿದೆ.

"ನಿಮ್ಮ ಏಕಾದಶಿ ವೈರಸ್ಸಿಗೆ ಗೊತ್ತಿಲ್ಲಮ್ಮ" ಎಂದರು ಆಕೆ, ಗದರದೆ. "ಬಿಟ್ಟು ಬಿಟ್ಟು ತಗೊಂಡ್ರೆ ಅದು ಈ ಮಾತ್ರೆಗೆ ಬಗ್ಗದ ಹಾಗೆ ಆಗ್ಬಿಡುತ್ತೆ. ಸದ್ಯಕ್ಕೆ ಇಲ್ಲಿ ಬೇರೆ ಮಾತ್ರೆ ಇಲ್ಲ. ಮಾರನೇ ದಿನ ಎರಡೆರಡು ನುಂಗಿಲ್ಲ ತಾನೆ? ಹಾಗೂ ಮಾಡ್ಬೇಡಿ."

ಬಸ್ ಸ್ಟಾಪಿನಲ್ಲಿ ಅಕ್ಕನ ಮೇಲೆ ಹರಿಹಾಯ್ದೆ. ಮೂಗಿನ ತುದಿಯಲ್ಲೇ ಸಿಟ್ಟು ನನಗೆ. "ಓದ್ದೋಳು ನೀನು, ಅಷ್ಟೂ ತಿಳಿಯಲ್ವಾ?"

ಅವಳು ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿದಳು. "ಅವತ್ತೊಂದು ದಿನ ನಂಗೆ ಕಾಯಿಲೆನೇ ಇಲ್ಲ ಅನ್ಸುತ್ತೆ ಕಣೇ" ಎಂದಳು.

ನನ್ನ ಸಿಟ್ಟು ಜರ್ರನೆ ಇಳಿಯಿತು. ಅಮ್ಮನಿಗೆ ಬೀಪಿ ಮಾತ್ರೆಯೆಂದು ಹೇಳೋಣ, ಬೀಪಿಯಾದರೆ ಬಿಡು ಅನ್ನಲ್ಲ ಎಂದೆ. "ನಿನ್ನ ಸುಳ್ಳು ಸಾಕು ಮಾರಾಯ್ತಿ" ಎಂದು ಅಕ್ಕ ಬಸ್ ಹತ್ತಿದಳು.

ಮುಂದಿನ ಏಕಾದಶಿಯ ಬೆಳಿಗ್ಗೆ ಅಮ್ಮ ಮಡಿಯುಟ್ಟು ಪೂಜೆಗೆ ಅಣಿಯಾಗುತ್ತಿದ್ದಳು. ಮಡಿಯಲ್ಲಿದ್ದರೆ ಹೆತ್ತ ಮಕ್ಕಳೂ ಅವಳನ್ನು ಮುಟ್ಟುವಂತಿರಲಿಲ್ಲ. ಸೆರಗು ತಗುಲಿದರೂ ಮತ್ತೆ ತಣ್ಣೀರು ಸ್ನಾನ. ಎಂಟು ಹೊಡೆಯಿತು. ಅಕ್ಕ ಲೋಟದಲ್ಲಿ ನೀರು ಬಗ್ಗಿಸಿಕೊಂಡಳು.

"ಇವತ್ತೂ ಶಕ್ತಿ ಮಾತ್ರೇನಾ?"

"ಶಕ್ತಿ ಮಾತ್ರೆ ಅಲ್ಲಮ್ಮ ಇದು."

ಅಕ್ಕ ಎಲ್ಲವನ್ನೂ ಹೇಳಿದಳು. ಕಾಯಿಲೆಯ ಹೆಸರು ಹೇಳಿದಳು, ಯಾರಿಂದ ಬಂತೆಂದು ಹೇಳಿದಳು. ಇನ್ನು ಇವಳ ತಟ್ಟೆ ಬೇರೆ, ಚಾಪೆ ಬೇರೆ ಆಗುತ್ತದೆ ಎಂದೇ ಅಂದುಕೊಂಡೆ. ನನ್ನ ಅಮ್ಮನ ಬಗ್ಗೆ ನಾನು ಹಾಗೆ ಯೋಚಿಸಿದ್ದೆ.

"ಇದು ತಗೊಂಡ್ರೆ ಬದುಕ್ತೀಯಾ?" ಎಂದು ಕೇಳಿದಳು ಅಮ್ಮ.

"ಒಂದು ಹೊತ್ತೂ ಬಿಡದೆ ತಗೊಂಡ್ರೆ."

ಅಮ್ಮ ಅಕ್ಕನ ಅಂಗೈಯಿಂದ ಮಾತ್ರೆ ಎತ್ತಿ ತಾನೇ ಅವಳ ಬಾಯಿಗಿಟ್ಟಳು. ಲೋಟ ಹಿಡಿದು ನೀರು ಕುಡಿಸಿದಳು. ಗದ್ದದ ಮೇಲೆ ಇಳಿದ ನೀರನ್ನು ಮಡಿ ಸೀರೆಯ ಸೆರಗಿನಿಂದ ಒರೆಸಿದಳು. ಮತ್ತೆ ಸ್ನಾನಕ್ಕೆ ಹೋಗಲಿಲ್ಲ. ಹಾಗೇ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.